ಗ್ರಾಫೀನ್ ಆಕ್ಸೈಡ್: ತೈಲಕ್ಷೇತ್ರದ ಕಲ್ಲಿನಿಂದ ಲೋಹ

ಗಂಗಾವತಿ ತಾಲ್ಲೂಕಿನ ಹನುಮನಹಳ್ಳಿಯ ಬೆಟ್ಟಗಳು ಗ್ರಾನೈಟ್, ಅಂದರೆ ಅಗ್ನಿಶಿಲೆ. ಅಲ್ಲಿ ತೈಲ ಸಿಗದು. ದಿಗ್ಬಾಯ್, ಬಾರ್ಮೇರ್‌ಗಳಲ್ಲಿ ಸಿಗುವುದು ಪದರು ಶಿಲೆಗಳಿಂದ. ಕರ್ನಾಟಕದ ಮಂಗಳೂರು (15 ಲಕ್ಷ ಟನ್), ಪಾದೂರು (25 ಲಕ್ಷ ಟನ್) ಬಂಡೆಗುಹೆಗಳು ಬರೀ ತೈಲದ ಸಂಗ್ರಹಾಗಾರಗಳು. ಪರೀಕ್ಷೆಯಲ್ಲಿ ಅವನ್ನು ತೈಲಕ್ಷೇತ್ರವೆಂದು ಗುರುತಿಸಿ ಅಂಕ ಕಳೆದುಕೊಳ್ಳಬೇಡಿ!

ತೈಲಕ್ಷೇತ್ರದ ಕಲ್ಲಿನಲ್ಲಿ ವೆನೇಡಿಯಂ, ನಿಕ್ಕಲ್ ಅತ್ಯಲ್ಪ ಪ್ರಮಾಣದಲ್ಲಿರುತ್ತವೆ. ಇವೆರಡರ ಅನುಪಾತ ನೋಡಿ, ತೈಲದ ಮೂಲಶಿಲೆ ಎಂಥ ಪರಿಸರದಲ್ಲಿ ರೂಪುಗೊಂಡಿತೆಂದು ಅಂದಾಜಿಸುತ್ತಾರೆ. ಈ ಲೋಹಗಳನ್ನು ಅಳೆಯಲು ಕಲ್ಲಿನ ಪುಡಿಯನ್ನು ಆಮ್ಲದಲ್ಲಿ ಕರಗಿಸಿ, ಪಿಎಚ್ ಹೊಂದಿಸಿ, ಗ್ರಾಫೀನ್ ಆಕ್ಸೈಡ್ (ಆಮ್ಲಜನಕದ ಗುಂಪುಗಳಿರುವ ಇಂಗಾಲದ ತೆಳು ಹಾಳೆ) ಬೆರೆಸುತ್ತಾರೆ. ಅದರ ಕಾರ್ಬಾಕ್ಸಿಲ್, ಹೈಡ್ರಾಕ್ಸಿಲ್ ಗುಂಪುಗಳು ಲೋಹದ ಅಯಾನುಗಳನ್ನು ಮೇಲ್ಮೈಯಲ್ಲೇ ಹಿಡಿಯುತ್ತವೆ, ಒಳಗೆ ಹೀರುವುದಿಲ್ಲ. ಬಳಿಕ ಸ್ವಲ್ಪವೇ ಆಮ್ಲದಿಂದ ಬಿಡಿಸಿಕೊಂಡರೆ ಲೋಹ ಸಾಂದ್ರವಾಗುತ್ತದೆ, ಅಳೆಯುವುದು ಸುಲಭ.

ಈ ಆಕ್ಸೈಡ್‌ನ ಹೆಸರಿನಲ್ಲಿರುವ ಗ್ರಾಫೀನನ್ನು 2004ರಲ್ಲಿ ಬೇರ್ಪಡಿಸಿದ ವಿಜ್ಞಾನಿಗಳಾದ ಗೈಮ್, ನೊವೊಸೆಲೊವ್ ಅವರಿಗೆ 2010ರ ನೊಬೆಲ್ ಬಂದದ್ದು ಭೌತಶಾಸ್ತ್ರದಲ್ಲಿ, ರಸಾಯನಶಾಸ್ತ್ರದಲ್ಲಲ್ಲ.