ಅಳತೆ ಮೊದಲು, ಖರೀದಿ ಆಮೇಲೆ

ಹಳೆಯ ಕಾರು ನೀಲಿ ಹೊಗೆ ಬಿಡಲು ಶುರುವಾದರೆ ಗ್ಯಾರೇಜಿನಲ್ಲಿ ಕೇಳಿಬರುವ ಮಾತು ಒಂದೇ: ‘ಬೋರ್‌ಗೆ ಬಂದಿದೆ ಸಾರ್, ಇಂಜಿನ್ ಇಳಿಸಬೇಕು.’ ನಿಜವಿರಬಹುದು. ಆದರೆ ಅದನ್ನು ನಾವೇ ಪರೀಕ್ಷಿಸಲು ಬೇಕಾದ ಕಂಪ್ರೆಷನ್ ಗೇಜ್, ಟ್ಯಾಂಕ್ ತುಂಬ ಪೆಟ್ರೋಲ್ ಹಾಕಿಸುವ ದುಡ್ಡಿಗಿಂತ ಕಡಿಮೆಗೆ ಸಿಗುತ್ತದೆ. ನನ್ನ ಪ್ರೀಮಿಯರ್ ಪದ್ಮಿನಿಗಾಗಿ ಕೊಂಡ ವಸ್ತುಗಳಲ್ಲಿ ಅತಿ ಹೆಚ್ಚು ಹಣ ಉಳಿಸಿದ್ದು ಅದೇ.

ಇಂಜಿನ್ ಬಿಸಿಯಾದ ಮೇಲೆ ಕಾಯಿಲ್ ವೈರ್ ತೆಗೆದು, ನಾಲ್ಕೂ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಬೇಕು. ಒತ್ತಡ ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗ್ ಅಥವಾ ಬೋರ್ ಸವೆದಿದೆ. ಏರದಿದ್ದರೆ ಅನುಮಾನ ವಾಲ್ವಿನ ಮೇಲೆ. ವಾಲ್ವ್ ಕೆಲಸಕ್ಕೆ ಹೆಡ್ ಬಿಚ್ಚಿದರೆ ಸಾಕು, ಇಂಜಿನ್ ಇದ್ದಲ್ಲೇ ಇರುತ್ತದೆ. ಖರ್ಚಿನಲ್ಲಿ ಎರಡಕ್ಕೂ ಅಜಗಜಾಂತರ.

ನನ್ನ ಕಾರಿನಲ್ಲಿ ಒತ್ತಡ ಏರಿತು. ಪದ್ಮಿನಿಯದು 1089 ಸಿಸಿ ಇಂಜಿನ್, ಬೋರ್ 68 ಮಿ.ಮೀ. ರಿಂಗ್ ಬಂದು ತಿರುಗುವ ಮೇಲ್ತುದಿಯ ಹತ್ತಿರವೇ ಸವೆತ ಹೆಚ್ಚು. ಬೆರಳಾಡಿಸಿದರೆ ಅಂಚು ಸಿಗುತ್ತದೆ, ಎಷ್ಟು ಸವೆದಿದೆ ಎಂಬುದನ್ನು ಮಾತ್ರ ಲೇತ್ ಅಂಗಡಿಯ ಬೋರ್ ಗೇಜೇ ಹೇಳಬೇಕು. ಆ ಅಳತೆ ಕೈಗೆ ಬರುವ ತನಕ ಬೆಂಗಳೂರಿನ ಜೆ.ಸಿ. ರಸ್ತೆಯ ಕಡೆ ಹೋಗಲೇಬಾರದು. ಅಂಗಡಿಯವರ ಮೊದಲ ಪ್ರಶ್ನೆಯೇ ‘ಎಷ್ಟು ಓವರ್‌ಸೈಜ್?’ ರೀಬೋರ್ ಆಗುವ ಬ್ಲಾಕಿಗೆ ಸ್ಟ್ಯಾಂಡರ್ಡ್ ರಿಂಗ್ ತಂದಿಟ್ಟರೆ ಅಷ್ಟೂ ದುಡ್ಡು ನೀರುಪಾಲು. ಕ್ರ್ಯಾಂಕ್ ಗ್ರೈಂಡ್ ಆದರೆ ಬೇರಿಂಗಿನ ಅಳತೆಯೂ ಬದಲಾಗುತ್ತದೆ. ಹೊಸ ರಿಂಗನ್ನೂ ಕಣ್ಣುಮುಚ್ಚಿ ಜೋಡಿಸಬಾರದು: ಬೋರಿನೊಳಗೆ ನೇರವಾಗಿ ಕೂರಿಸಿ, ಬಾಯಿಯ ಸಂದನ್ನು ಫೀಲರ್ ಗೇಜಿನಲ್ಲಿ ಅಳೆಯಬೇಕು. ಕಾರಿನ ತಯಾರಿಕೆಯೇ ನಿಂತುಹೋಗಿರುವಾಗ, ಪೆಟ್ಟಿಗೆಯ ಮೇಲೆ ಬರೆದದ್ದನ್ನೇ ನಂಬಿ ಕೂರಲಾಗದು.

ಬಿಚ್ಚುವುದು, ಸೀಮೆಎಣ್ಣೆಯಲ್ಲಿ ತೊಳೆಯುವುದು, ವಾಲ್ವ್ ಉಜ್ಜುವುದು, ಮತ್ತೆ ಜೋಡಿಸುವುದು ಮನೆಯ ಕೆಲಸ. ಮಜೂರಿ ಉಳಿಯುವುದು ಇಲ್ಲೇ. ಬೋರಿಂಗ್, ಗ್ರೈಂಡಿಂಗ್ ಲೇತಿನವರದು. ಒಳ್ಳೆಯ ಕೈ ಸಿಕ್ಕರೆ ದಯವಿಟ್ಟು ಚೌಕಾಸಿ ಮಾಡಬೇಡಿ. ಅಂಥ ಕೈಗಳಿಗೆ ಕೆಲಸ ಸಿಗುತ್ತಿದ್ದರೆ ಮಾತ್ರ ನಮ್ಮ ಕಾರುಗಳು ಓಡುತ್ತವೆ. ಗ್ಯಾಸ್ಕೆಟ್, ಆಯಿಲ್ ಸೀಲ್ ಹಳೆಯದನ್ನೇ ಹಾಕುವುದು ಉಳಿತಾಯವಲ್ಲ. ಟಾರ್ಕ್ ವ್ರೆಂಚನ್ನು ಸ್ವಂತಕ್ಕೇ ಕೊಂಡುಬಿಡಿ.

ಗುಜರಿಯಲ್ಲಿ ಪೂರ್ತಿ ಇಂಜಿನ್ನೇ ಅಗ್ಗಕ್ಕೆ ಸಿಗುತ್ತದಲ್ಲ ಎನ್ನುವವರಿದ್ದಾರೆ. ಬ್ಲಾಕ್ ಬದಲಾದರೆ ಇಂಜಿನ್ ನಂಬರ್ ಬದಲಾಗುತ್ತದೆ. ಆರ್‌ಸಿ ತಿದ್ದಿಸಲು ಆರ್‌ಟಿಒಗೆ ಅಲೆಯಬೇಕು. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ ಕಾರಿಗೆ ವಿಂಟೇಜ್ ನೋಂದಣಿ ಸಿಗಬೇಕಾದರೂ ಇಂಜಿನ್, ಬಾಡಿ ಮೂಲರೂಪದಲ್ಲೇ ಇರಬೇಕು. ಎಪ್ಪತ್ತರ ದಶಕದ ನಡುವಿನ ಪದ್ಮಿನಿಗಳು ಈಗ ಆ ವಯಸ್ಸಿಗೆ ಬಂದಿವೆ.

ಬಿಲ್ಲುಗಳನ್ನು, ಲೇತಿನ ಅಳತೆ ಚೀಟಿಯನ್ನು, ಫೋಟೊಗಳನ್ನು ಒಂದು ಫೈಲಿನಲ್ಲಿಡಿ. ಐದು ವರ್ಷ ದಾಟಿದ ಕಾರಿನ ವಿಮಾ ಮೌಲ್ಯ ನಿರ್ಧಾರವಾಗುವುದು ಕಂಪನಿ ಮತ್ತು ಮಾಲೀಕರ ಪರಸ್ಪರ ಒಪ್ಪಿಗೆಯಿಂದ. ನನ್ನ ಪಾಲಿಸಿ ನವೀಕರಣಕ್ಕೆ ಬಂದಾಗ ಅವರು ಹಳೆಯ ಮೊತ್ತವನ್ನೇ ಬರೆದಿದ್ದರು. ಈ ಫೈಲ್ ನೋಡಿದ ಮೇಲೆ ಹೆಚ್ಚಿಸಿದರು.