ಮನೆ ನಂಬರು ತಾರೀಖಾಗದಿರಲಿ

ತಮ್ಮಾ, ಹೈದರಾಬಾದಿನ ಮೆಹದಿಪಟ್ಟಣಂ ಕಡೆಯ ವಿಳಾಸಗಳ ಪಟ್ಟಿ ನಿನ್ನ ಕೈಗೆ ಬಂದಿದೆ ಅಂದೆ. ಎಲ್ಲಕ್ಕಿಂತ ಮೊದಲು ಮನೆ ನಂಬರಿನ ಕಾಲಂ ನೋಡು. ಅಲ್ಲಿ ವಾರ್ಡು, ಬ್ಲಾಕು, ಮನೆ ಮೂರನ್ನೂ ನಡುವೆ ಗೆರೆ ಹಾಕಿ ಬರೆಯುತ್ತಾರೆ. 12-2-80 ಅಂದರೆ ಅಂಚೆಯವನಿಗೆ ಒಂದು ಮನೆ. ಎಕ್ಸೆಲ್ ಅದನ್ನೇ 1980ರ ಫೆಬ್ರುವರಿ 12 ಎಂದು ಓದುತ್ತದೆ. ಕಂಪ್ಯೂಟರಿನಲ್ಲಿ ಅಮೆರಿಕದ ಸೆಟ್ಟಿಂಗ್ ಇದ್ದರೆ ಡಿಸೆಂಬರ್ 2. ಒಳಗೆ ಅದು ಉಳಿಸಿಕೊಳ್ಳುವುದು 1900ರ ಜನವರಿ 1ರಿಂದ ಎಣಿಸಿದ ದಿನಗಳ ಲೆಕ್ಕ, ಫೆಬ್ರುವರಿ 12 ಆದರೆ 29263. ಆಮೇಲೆ ಎಚ್ಚೆತ್ತು ಕಾಲಮನ್ನು ಟೆಕ್ಸ್ಟ್ ಮಾಡಿದರೂ ಕಾಣುವುದು ಆ 29263 ಮಾತ್ರ.

ಅದೇ ಕಾಲಮಿನಲ್ಲಿ 12-2-823/ಎ ಇದ್ದರೆ ಅದು ಅಕ್ಷರವಾಗಿಯೇ ಉಳಿಯುತ್ತದೆ. ಹೀಗೆ ಒಂದೇ ಕಾಲಮಿನಲ್ಲಿ ಎರಡು ಜಾತಿಯ ಮಾಹಿತಿ ಸೇರಿದಾಗಲೇ ಮಾಹಿತಿ ಹೆಕ್ಕುವ ಕ್ವೆರಿ ಕೈಕೊಡುವುದು. ಎಕ್ಸೆಲ್ ಫೈಲನ್ನು ಓದುವ ಮೈಕ್ರೋಸಾಫ್ಟ್‌ನ ಹಳೆಯ ಡ್ರೈವರುಗಳು ಸಾಮಾನ್ಯವಾಗಿ ಮೊದಲ 8 ಸಾಲು ನೋಡಿ ಕಾಲಮಿನ ಜಾತಿ ತೀರ್ಮಾನಿಸುತ್ತವೆ, ಹೊಂದದ್ದನ್ನು ಖಾಲಿ ಬಿಡುತ್ತವೆ. ಗೂಗಲ್ ಶೀಟ್ಸ್‌ನ ಕ್ವೆರಿಯೂ ಬಹುಮತದ ಕಡೆಗೇ ವಾಲುತ್ತದೆ. ಯಾವ ಎಚ್ಚರಿಕೆಯೂ ಬರುವುದಿಲ್ಲ. ಖಾಲಿಯಾದ ಆ ಚೌಕದ ಹಿಂದೆ ಒಂದು ಮನೆಯಿದೆ, ಅಲ್ಲಿಗೆ ತಲುಪಬೇಕಾದ ಕಾಗದ ತಲುಪುವುದಿಲ್ಲ ಎಂಬುದನ್ನು ಮರೆಯಬೇಡ.

ಹೆಸರು ತಾರೀಖಾಗುವ ಈ ತೊಂದರೆ ವಿಜ್ಞಾನಿಗಳನ್ನೂ ಕಾಡಿದೆ. ಮಾರ್ಚ್1 ಎಂಬ ಜೀನಿನ ಹೆಸರು ಪದೇಪದೇ ತಾರೀಖಾಗುತ್ತಿತ್ತು. ಕೊನೆಗೆ ಮನುಷ್ಯರ ಜೀನುಗಳಿಗೆ ಹೆಸರಿಡುವ ಸಮಿತಿ ಅದನ್ನು ಮಾರ್ಚ್‌ಎಫ್1 ಎಂದು ಬದಲಿಸಿತು. 2020ರ ಮಾರ್ಗಸೂಚಿಯಲ್ಲಿ ಕಾರಣವನ್ನೂ ಬರೆಯಿತು. ಜನರ ಮನೆ ನಂಬರು ಬದಲಿಸುವ ಅಧಿಕಾರ ನಮಗಿಲ್ಲವಲ್ಲ, ಆದ್ದರಿಂದ ಜಾಗ್ರತೆ ನಮ್ಮ ಕಡೆಯಿಂದಲೇ ಆಗಬೇಕು.

ಕೂಡಿಸಿ ಕಳೆಯಲು ಬಾರದ ಅಂಕಿಗಳನ್ನೆಲ್ಲ ಟೆಕ್ಸ್ಟ್ ಎಂದೇ ಹಿಡಿ: ಮನೆ ನಂಬರು, ಫೋನು, ಪಿನ್‌ಕೋಡು, ಆಧಾರ್, ಬ್ಯಾಂಕ್ ಖಾತೆ. ಎಕ್ಸೆಲ್ ಸಂಖ್ಯೆಗೆ 15 ಅಂಕಿಗಳಷ್ಟೇ ನಿಖರತೆ. 16 ಅಂಕಿಯ ಖಾತೆ ಸಂಖ್ಯೆಯ ಕೊನೆಯ ಅಂಕಿ ಸೊನ್ನೆಯಾಗುತ್ತದೆ, ಆರಂಭದ ಸೊನ್ನೆಗಳು ಬಿದ್ದೇ ಹೋಗುತ್ತವೆ. ಸಿಎಸ್‌ವಿ ಫೈಲನ್ನು ಡೇಟಾ ಟ್ಯಾಬ್‌ನಿಂದ ಒಳಗೆ ತಾ. ಆಗ ಬಳಕೆಗೆ ಬರುವ ಪವರ್ ಕ್ವೆರಿ ತಾನಾಗಿ ಸೇರಿಸುವ 'ಚೇಂಜ್ಡ್ ಟೈಪ್' ಹಂತವನ್ನು ತೆಗೆದು, ಇಂಥ ಕಾಲಮುಗಳಿಗೆ ಟೆಕ್ಸ್ಟ್ ಎಂದು ನೀನೇ ಹೇಳು. ಡೇಟಾಬೇಸಿಗೆ ಹಾಕುವುದಿದ್ದರೆ ಎಲ್ಲ ಕಾಲಮೂ ಟೆಕ್ಸ್ಟ್ ಆಗಿರುವ ತಾತ್ಕಾಲಿಕ ಟೇಬಲ್ಲಿಗೆ ಮೊದಲು ಇಳಿಸಿಕೋ. ನಿಜವಾದ ತಾರೀಖು, ಮೊತ್ತಗಳನ್ನು ಆಮೇಲೆ ಪರಿವರ್ತಿಸು. ಮೊತ್ತವನ್ನು ಟೆಕ್ಸ್ಟ್ ಆಗಿಯೇ ಬಿಟ್ಟರೆ ವಿಂಗಡಿಸುವಾಗ 10 ಎಂಬುದು 9ಕ್ಕಿಂತ ಮೊದಲು ಬರುತ್ತದೆ. ಒಟ್ಟು ಸಾಲುಗಳೆಷ್ಟು, ಮನೆ ನಂಬರಿನ ಕಾಲಮಿನಲ್ಲಿ ತುಂಬಿರುವವೆಷ್ಟು ಎಂದು ಎರಡು ಎಣಿಕೆ ಮಾಡಿ ಮೂಲದ ಜೊತೆ ತಾಳೆ ನೋಡು. ಅವಸರದಲ್ಲಿ ಎಲ್ಲರೂ ಬಿಡುವ ಕೆಲಸ ಇದೇ.

ಇನ್ನೊಂದು ಮಾತು ನಡೆಸಿಕೊಡು. ಬಂದ ಮೂಲ ಫೈಲಿನ ಒಂದು ಪ್ರತಿಯನ್ನು ಬೇರೆ ಫೋಲ್ಡರಿನಲ್ಲಿಡು, ಅದನ್ನು ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಬೇಡ.