ಬಾಯಿಗೆ ತಕ್ಕ ತುತ್ತು

ಮಕ್ಕಳೇ, ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಿಂದ ಅರಬ್ಬಿ ಸಮುದ್ರ 200 ಕಿ.ಮೀ.ಗೂ ಹೆಚ್ಚು ದೂರ. ಅಲ್ಲಿನ ಮನೆಯೊಂದರಲ್ಲಿ ಸಮುದ್ರದ ಮೀನು ಸಾಕಬಹುದೇ? ಗಾಜಿನ ತೊಟ್ಟಿ, ಗಾಳಿಯ ಪಂಪು, ಸಮುದ್ರದ ಲವಣಗಳ ಮಿಶ್ರಣ ಇದ್ದರೆ ಸಾಕಬಹುದು. ಅಡುಗೆ ಉಪ್ಪೊಂದೇ ಸಾಲದು. ಸಮುದ್ರದ ಪ್ರತಿ ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿದ್ದು, ಅವುಗಳಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂಗಳೂ ಸೇರಿವೆ.

ದೊಡ್ಡ ಮೀನು ಸಾಕುವುದಕ್ಕಿಂತ ಮರಿಗಳನ್ನು ಉಳಿಸುವುದು ಕಷ್ಟ. ಕಿತ್ತಳೆ ಮೈಯ, ಬಿಳಿ ಪಟ್ಟೆಯ ಕ್ಲೌನ್ ಮೀನನ್ನೇ ನೋಡಿ. ಇದು ಕಲ್ಲಿಗೆ ಮೊಟ್ಟೆಗಳನ್ನು ಅಂಟಿಸುತ್ತದೆ. ಗಂಡು ಮೀನು ರೆಕ್ಕೆ ಬೀಸುತ್ತಾ ಅವುಗಳನ್ನು ಕಾಯುತ್ತದೆ. ಸುಮಾರು ಒಂದು ವಾರದ ನಂತರ, ಕತ್ತಲಾದ ಮೇಲೆ, ನೂರಾರು ಮರಿಗಳು ಹೊರಬರುತ್ತವೆ. ಒಂದೊಂದೂ 3-4 ಮಿ.ಮೀ. ಉದ್ದ ಮಾತ್ರ!

ಮೊಟ್ಟೆಯಿಂದ ತಂದ ಅಲ್ಪ ಬುತ್ತಿ ಬೇಗ ಮುಗಿಯುತ್ತದೆ. ಅಂಗಡಿಯ ಮೀನಿನ ಆಹಾರ ಆ ಪುಟ್ಟ ಬಾಯಿಗೆ ಹಿಡಿಸದು. ಸುತ್ತ ಆಹಾರವಿದ್ದರೂ ಮರಿ ಹಸಿವಿನಿಂದ ಸಾಯುತ್ತದೆ. ಆದ್ದರಿಂದ ಮೊದಲ ದಿನಗಳಲ್ಲಿ ರೋಟಿಫರ್ ಎಂಬ ಸೂಕ್ಷ್ಮ ಜೀವಿಗಳನ್ನು ಕೊಡುತ್ತಾರೆ. ಅನಂತರ ಆರ್ಟೀಮಿಯಾ ಎಂಬ ಉಪ್ಪುನೀರಿನ ಜೀವಿಯ ಮರಿಗಳನ್ನು ಕೊಡುತ್ತಾರೆ. ಇವು ಸುಮಾರು ಅರ್ಧ ಮಿ.ಮೀ. ಇರುತ್ತವೆ. ಗಾಳಿಯ ಗುಳ್ಳೆ ಮೆಲ್ಲಗೆ ಬರಬೇಕು, ತಳದ ಕಸ ದಿನವೂ ತೆಗೆಯಬೇಕು. ಎಲ್ಲ ಸರಿಯಾದರೆ ಸುಮಾರು ಎರಡು ವಾರಗಳಲ್ಲಿ ಮರಿಗೆ ಬಿಳಿ ಪಟ್ಟೆ ಮೂಡುತ್ತದೆ.

ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕ್ಲೌನ್ ಮೀನಿನ ಮರಿ ಬೆಳೆಸುವ ವಿಧಾನವನ್ನು ರೂಪಿಸಿದ್ದಾರೆ. ಈ ಸಂಸ್ಥೆಯ ಒಂದು ಕೇಂದ್ರ ನಮ್ಮ ಕಾರವಾರದಲ್ಲಿದೆ. ತೊಟ್ಟಿಯಲ್ಲೇ ಮರಿ ಬೆಳೆದರೆ ಸಮುದ್ರದಿಂದ ಅಷ್ಟು ಮೀನು ಹಿಡಿಯಬೇಕಾಗಿಲ್ಲ.

ಆರ್ಟೀಮಿಯಾದ ಒಣ ಮೊಟ್ಟೆಗಳು ವರ್ಷಗಟ್ಟಲೆ ನಿದ್ರಿಸಬಲ್ಲವು. ಉಪ್ಪುನೀರಿಗೆ ಹಾಕಿದರೆ ಸುಮಾರು ಒಂದು ದಿನದಲ್ಲಿ ಒಡೆಯುತ್ತವೆ. ಹೀಗೆ ನಿದ್ರಿಸುವ ಮೊಟ್ಟೆಗಳು ನಿಮ್ಮೂರಿನ ಒಣಗಿದ ಕೆರೆಯ ಮಣ್ಣಿನಲ್ಲೂ ಇರಬಹುದು. ಕೆರೆ ತುಂಬಿದಾಗ ಅಲ್ಲಿನ ಮೀನಿನ ಮರಿಗಳಿಗೆ ಮೊದಲ ತುತ್ತು ಸಿಗುವುದು ಇಂಥ ಜೀವಿಗಳಿಂದಲೇ.

ಮಾಡಿ ನೋಡಿ

ಎರಡು ಗಾಜಿನ ಬಾಟಲಿಗಳಿಗೆ ಮಳೆನೀರು ತುಂಬಿ. ಒಂದಕ್ಕೆ ಮಾತ್ರ ಒಣ ಕೆರೆಯ ಮಣ್ಣು ಎರಡು ಚಮಚ ಹಾಕಿ. ಎರಡರ ಬಾಯಿಗೂ ತೆಳು ಬಟ್ಟೆ ಕಟ್ಟಿ ನೆರಳಿನಲ್ಲಿಡಿ. ಕೈ ತೊಳೆದುಕೊಳ್ಳಿ. ಮೂರನೆಯ ದಿನದಿಂದ ಹತ್ತು ದಿನ ಭೂತಗನ್ನಡಿಯಿಂದ ನೋಡಿ, ಕಂಡದ್ದನ್ನು ಬರೆದಿಡಿ. ಏನೂ ಕಾಣದಿದ್ದರೆ ಕೆರೆಯ ಬೇರೆ ಜಾಗದ ಮಣ್ಣು ತನ್ನಿ.

ಯೋಚಿಸಿ: ಮಣ್ಣಿಲ್ಲದ ಬಾಟಲಿ ಏಕೆ ಬೇಕು? ಬಟ್ಟೆ ಏಕೆ ಕಟ್ಟಬೇಕು?